ಫ್ರೀಜರಿಗೂ ಆಯುಧಪೂಜೆ

"ನಮ್ಮ ಯಜಮಾನ್ರು ನಾಯಂಡಹಳ್ಳಿ ವರ್ಕ್‌ಶಾಪಲ್ಲಿ ಲೇತ್ ಓಡಿಸ್ತಿದ್ರು. ಆಯುಧಪೂಜೆ ದಿನ ಮಿಷನ್ ತೊಳೆದು, ಕುಂಕುಮ ಇಟ್ಟು, ಕುಂಬಳಕಾಯಿ ಒಡೆದ್ರೆ ಆಯ್ತು, ಹಬ್ಬ ಮುಗಿಯೋವರ್ಗೂ ಯಾರೂ ಸ್ವಿಚ್ ಮುಟ್ತಿರ್ಲಿಲ್ಲ. ವರ್ಷವೆಲ್ಲ ದುಡಿಯೋ ಮಿಷನ್ನಿಗೆ ಒಂದು ರಜಾ ಬೇಡ್ವಾ? ಅದಕ್ಕೇ ಇಲ್ಲೂ ಎಲ್ಲಕ್ಕೂ ಹೂವ ಮುಡಿಸಿ ಆರಿಸಿ ಹೋದೆ. ಆ ಬಿಳೀ ಪೆಟ್ಟಿಗೇನೂ ಆರಿಸ್ದೆ ಕಣಮ್ಮ. ಪಾಪ, ಹಗಲೂ ರಾತ್ರಿ ಗುಂಯ್ ಅಂತಿರ್ತದೆ."

ಬಾಟಲಿ ತೊಳೆಯುವ ಪಟಾಲಮ್ಮ ಹೇಳುತ್ತಿದ್ದಂತೆಯೇ ಸಂಶೋಧಕಿ ಶಶಿಕಲಾ ಫ್ರೀಜರಿನ ಬಾಗಿಲು ತೆಗೆದಳು. ಹಬ್ಬದ ರಜೆ ಕಳೆದು ಕೆಂಗೇರಿಯ ಆ ಪ್ರಯೋಗಾಲಯ ಆಗಷ್ಟೇ ತೆರೆದಿತ್ತು. ಒಳಗಿಂದ ನೀರು ಸುರಿದು ಅವಳ ಚಪ್ಪಲಿ ನೆನೆಯಿತು.

"ಅಯ್ಯೋ ಪಟಾಲಮ್ಮ, ಇದ್ರಲ್ಲಿ ಗರಿಯಿಂದ ತೆಗೆದಿದ್ದ ಡಿಎನ್‌ಎ ಇತ್ತಲ್ರೀ!"

ಅದೇನೆಂದು ಪಟಾಲಮ್ಮನಿಗೂ ಗೊತ್ತಿತ್ತು. ಬಾಟಲಿ ತೊಳೆಯುತ್ತಲೇ ಇವರ ಮಾತಿಗೆಲ್ಲ ಕಿವಿಗೊಟ್ಟವಳು. ಬಳ್ಳಾರಿಯ ಎರೆಹೊಲಗಳಲ್ಲಿ ಎರೆಭೂತ ಎಂಬ ಎತ್ತರದ ಹಕ್ಕಿ ಬೆರಳೆಣಿಕೆಯಷ್ಟೇ ಉಳಿದಿದೆ. ಹಿಡಿಯಹೋದರೆ ಬೆದರುತ್ತದೆ. ಹಾಗಾಗಿ ಉದುರಿದ ಗರಿ ಆಯ್ದು ತಂದು, ಯಾವ ಗರಿ ಯಾವ ಹಕ್ಕಿಯದೆಂದು ಹೇಳುವ ಗುರುತುಗಳನ್ನು ಡಿಎನ್‌ಎಯಲ್ಲಿ ಹುಡುಕುತ್ತಿದ್ದರು. ತಂದ ಗರಿಗಳೆಲ್ಲ ತೀರಿದ್ದವು. ಉಳಿದದ್ದು ಈ ಹನಿಗಳಷ್ಟೆ. ತಣ್ಣಗಿರದಿದ್ದರೆ ಅವು ಕೆಡುತ್ತವೆಂಬುದೊಂದೇ ಅವಳ ಕಿವಿಗೆ ಬಿದ್ದಿರಲಿಲ್ಲ.

"ಆಂಟಿ, ಫ್ಯಾನಿಗೆ ರಜಾ ಕೊಡ್ಬೋದಿತ್ತು, ಲಿಫ್ಟಿಗೆ ಕೊಡ್ಬೋದಿತ್ತು," ಎಂದ ಶಶಿಕಲಾಳ ಜೊತೆ ಕೆಲಸ ಮಾಡುವ ರೇವಂತ್.

"ಸುಮ್ನಿರೋ," ಎಂದಳು ಶಶಿಕಲಾ. ಪಟಾಲಮ್ಮನಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಪಟಾಲಮ್ಮನ ಎದೆ ಹಗುರಾಗುತ್ತಿತ್ತು.

ಹೋಲಿಸಿ ನೋಡಲು ಆಗಷ್ಟೇ ತೆಗೆದ ಕೋಳಿಯ ಡಿಎನ್‌ಎಯನ್ನೂ ಸೇರಿಸಿ ಅಂದೇ ಪರೀಕ್ಷೆಗೆ ಇಟ್ಟರು. ಚೆನ್ನಾಗಿದ್ದರೆ ಜೆಲ್ಲಿನ ಬಿಲ್ಲೆಯ ಮೇಲೆ ಗೆರೆ ಮೂಡಬೇಕು. ಪಟಾಲಮ್ಮ ಊಟದ ಡಬ್ಬಿ ಬಿಚ್ಚದೆ ಬಾಗಿಲ ಬಳಿ ಸೆರಗು ಹಿಂಡುತ್ತ ನಿಂತಳು. ಒಂದು ಗೆರೆಯೂ ಮೂಡಲಿಲ್ಲ.

"ಹೋಯ್ತಾ ಮೇಡಮ್?"

ಶಶಿಕಲಾ ಬಿಲ್ಲೆಯತ್ತ ಬಗ್ಗಿಯೇ ಇದ್ದಳು. "ಇವತ್ತೇ ತೆಗೆದ ಕೋಳಿದೂ ಬಂದಿಲ್ಲ ಕಣೋ ರೇವಂತ್. ಹಂಗಾದ್ರೆ ಡಿಎನ್‌ಎ ಹೆಚ್ಚಿಸೋಕೆ ಫ್ರೀಜರಲ್ಲಿಟ್ಟಿದ್ದ ಎಂಜೈಮೇ ಕೆಟ್ಟಿರ್ಬೇಕು. ಮೇಲಿನ ಲ್ಯಾಬಲ್ಲಿ ಸ್ವಲ್ಪ ಇಸ್ಕೊಂಡ್ ಬಾ, ಓಡು."

ಮತ್ತೆ ಕಾಯುವುದು. ಈ ಸಲ ಪಟಾಲಮ್ಮ ಒಳಗೆ ಇಣುಕಲೂ ಇಲ್ಲ. ಹೊರಗಿನ ಮೆಟ್ಟಿಲ ಮೇಲೆ ಕುಳಿತು, ತಾನು ಮುಖವೇ ಕಂಡಿರದ ಆ ಹಕ್ಕಿಗೆ ಕೈ ಮುಗಿದಳು.

"ಬನ್ರೀ ಇಲ್ಲಿ!" ಒಳಗಿನಿಂದ ಶಶಿಕಲಾ ಕೂಗಿದಳು.

ನೀಲಿ ಬೆಳಕಿನಲ್ಲಿ ಗೆರೆಗಳಿದ್ದವು. ಕೆಲವು ಮೇಲೆ, ಕೆಲವು ಕೆಳಗೆ.

"ಇದೊಂದು ಹಕ್ಕಿ, ಇದು ಬೇರೆ," ಎಂದಳು ಶಶಿಕಲಾ. "ಈ ಎರಡು ಮಾತ್ರ ಹಾಳಾಗಿವೆ."

"ನನ್ನಿಂದ."

"ಹೂಂ. ನಿಮ್ಮಿಂದ್ಲೇ." ಶಶಿಕಲಾ ಕೈಗವಸು ಕಳಚುತ್ತ, "ನಾಳೆಗೆ ಬಾಟಲಿ ಬೇಕು, ತೊಳೆದಿಡಿ," ಎಂದಳು.

ಪಟಾಲಮ್ಮ ಸೆರಗು ಸಿಕ್ಕಿಸಿ, ನಲ್ಲಿ ತಿರುಗಿಸಿ, ಬ್ರಷ್ಷಿಗೆ ಸೋಪು ಹಚ್ಚಿ ಮೊದಲ ಬಾಟಲಿಯ ತಳ ಉಜ್ಜತೊಡಗಿದಳು.