ಹದಿನಾಲ್ಕನೆಯ ಹೋಲ್‌ನಲ್ಲಿ ಆರು ಹೊಡೆತ

ಕೆಂಪಮ್ಮ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು. ನಮ್ಮ ಮಹಿಳಾ ಹವ್ಯಾಸಿ ಗಾಲ್ಫ್ ಸಂಘದ ಮೊದಲ ಪಂದ್ಯಾವಳಿಯ ಕಪ್ ಹದಿನೇಳು ವರ್ಷಗಳಿಂದ ನನ್ನ ಮನೆಯ ಗಾಜಿನ ಬೀರುವಿನಲ್ಲಿದೆ — ಅದು ನನ್ನದಲ್ಲ. ಇದನ್ನು ಬರೆಯಲು ಕೂತು ಮೂರು ಸಲ ಎದ್ದು ಹೋಗಿದ್ದೇನೆ. ಈ ಸಲ ಏಳುವುದಿಲ್ಲ.

ಸಂಘದ ಚರಿತ್ರೆಯನ್ನು ಪುಸ್ತಕ ಮಾಡಬೇಕು, ಮೊದಲ ಕಾರ್ಯದರ್ಶಿಯಾಗಿದ್ದವಳು ನೀವೇ ಬರೆದುಕೊಡಿ ಎಂದು ಈಗಿನ ಹುಡುಗಿಯರು ಕೇಳಿದರು. ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಹಳೆಯ ನಡವಳಿ ಪುಸ್ತಕಗಳನ್ನು ತೆಗೆದೆ. ಎಲ್ಲವೂ ನನ್ನದೇ ಅಕ್ಷರ. ಮೊದಲ ಪಂದ್ಯಾವಳಿಯ ಪುಟದಲ್ಲಿ ಹೀಗೊಂದು ಸಾಲು: 'ತಪ್ಪು ಲೆಕ್ಕ ಕೊಟ್ಟ ಕಾರಣ ಒಬ್ಬ ಆಟಗಾರ್ತಿಯನ್ನು ಅನರ್ಹಗೊಳಿಸಲಾಯಿತು.' ಒಬ್ಬ ಆಟಗಾರ್ತಿ — ಹೆಸರನ್ನೂ ಬರೆದಿರಲಿಲ್ಲ ನಾನು.

ಸಂಘ ಕಟ್ಟಿದ್ದು ಚನ್ನಪಟ್ಟಣದ ನಸೀಮಾ ಅಕ್ಕ. ಮನೆಯಲ್ಲಿ ಬೊಂಬೆ ವ್ಯಾಪಾರ. ಆಕೆಗೆ ಮಾತ್ರ ಗಾಲ್ಫಿನ ಹುಚ್ಚು. ರಾಮನಗರದ ಹೊರಗೆ, ಬಂಡೆಗಳ ನಡುವೆ ಆಗಷ್ಟೇ ಮೈದಾನವೊಂದು ಆಗಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ — ನಾಲ್ಕು ಊರುಗಳಿಂದ ಹನ್ನೊಂದು ಜನ ಹೆಂಗಸರನ್ನು ಸೇರಿಸಿಕೊಂಡು ಆಕೆ ಮೈದಾನದ ಮಾಲೀಕರ ಮುಂದೆ ಹೋಗಿ ಕೂತರು. "ಗಂಡಸರು ಆಡಿ ಮಿಕ್ಕಿದ ಹೊತ್ತು ನಮಗೆ ಬೇಡ ಸಾರ್. ವಾರದಲ್ಲಿ ಒಂದು ಇಡೀ ದಿನ ಕೊಡಿ" ಎಂದರು. ಬುಧವಾರ ನಮ್ಮದಾಯಿತು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದ ಐದು ಜನ ಹೆಂಗಸರಿಗೂ ಬುಧವಾರ ಮಧ್ಯಾಹ್ನ ಕಲಿಸಬೇಕೆಂದು ಹಟ ಹಿಡಿದರು.

ಆ ಐವರಲ್ಲಿ ಒಬ್ಬಳು ಬೈರಾಪಟ್ಟಣದ ಕೆಂಪಮ್ಮ. ಆಕೆಗೆ ಕೋಲು ಹಿಡಿಯುವುದನ್ನು ಹೇಳಿಕೊಟ್ಟವಳು ನಾನೇ. ಎಡಗೈ ಹೆಬ್ಬೆರಳು ಎಲ್ಲಿರಬೇಕು, ಬಲಗೈ ಅದರ ಮೇಲೆ ಹೇಗೆ ಕೂರಬೇಕು — ಕೈ ಹಿಡಿದು ತೋರಿಸಿದ್ದೆ. ಎರಡು ವರ್ಷಗಳಲ್ಲಿ ಆಕೆಯ ಚೆಂಡು ನಮ್ಮೆಲ್ಲರ ಚೆಂಡಿಗಿಂತ ನೆಟ್ಟಗೆ ಹೋಗತೊಡಗಿತು. ಯಾರೋ ಬಿಸಾಡಿದ ಹಳೆಯ ಐರನ್ ಕೋಲು, ಊಟದ ಬಿಡುವಿನಲ್ಲಿ ಅಭ್ಯಾಸ. ಗಾಳಿ ಎಷ್ಟೇ ಬೀಸಲಿ, ಚೆಂಡನ್ನು ತಗ್ಗಿನಲ್ಲೇ ಓಡಿಸುತ್ತಿದ್ದಳು. ನೋಡಿದವರು "ವಿಮಲಾ, ನಿನ್ನ ಶಿಷ್ಯೆ!" ಎನ್ನುತ್ತಿದ್ದರು. ಮೊದಮೊದಲು ಹಿಗ್ಗುತ್ತಿದ್ದೆ. ಆಮೇಲೆ —

ಪಂದ್ಯಾವಳಿಯ ದಿನ ನನಗೂ ಆಕೆಗೂ ಜೋಡಿ ಬಿತ್ತು. ಗಾಲ್ಫಿನಲ್ಲಿ ಹದಿನೆಂಟು ಹೋಲ್‌ಗಳಿಗೆ, ಅಂದರೆ ಕುಳಿಗಳಿಗೆ, ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡು ಸೇರಿಸಿದವಳು ಗೆದ್ದಂತೆ. ನಮ್ಮ ಹೊಡೆತಗಳ ಲೆಕ್ಕವನ್ನು ಜೊತೆಗಾರ್ತಿ ಬರೆಯುತ್ತಾಳೆ. ಕೊನೆಯಲ್ಲಿ ಆಡಿದವಳು ನೋಡಿ ಸಹಿ ಹಾಕಬೇಕು. ಆಡಿದ್ದಕ್ಕಿಂತ ಕಡಿಮೆ ಹೊಡೆತ ಬರೆದಿರುವ ಕಾರ್ಡಿಗೆ ಸಹಿ ಹಾಕಿಕೊಟ್ಟರೆ ಅನರ್ಹಳು — ಬರೆದದ್ದು ಯಾರ ಕೈ ಎಂಬುದು ಲೆಕ್ಕಕ್ಕಿಲ್ಲ. ಈ ನಿಯಮಗಳನ್ನು ಸಂಘಕ್ಕಾಗಿ ಕನ್ನಡಕ್ಕೆ ತಂದವಳೂ ನಾನೇ. ಗೊತ್ತಿರಲಿಲ್ಲ ಎನ್ನಲು ನನಗೆ ದಾರಿಯಿಲ್ಲ.

ಹದಿಮೂರನೆಯ ಹೋಲ್ ಮುಗಿದಾಗ ಕೆಂಪಮ್ಮ ಮೂರು ಹೊಡೆತ ಮುಂದಿದ್ದಳು. ಹದಿನಾಲ್ಕರಲ್ಲಿ ಆಕೆಯ ಚೆಂಡು ಬಂಡೆಯ ಬುಡದ ಒಣಹುಲ್ಲಿಗೆ ಬಿತ್ತು. ಬೀಸಿದಳು, ಕೋಲು ಚೆಂಡಿಗೆ ತಾಗಲೇ ಇಲ್ಲ. ನಾನು ದೂರದಲ್ಲಿದ್ದೆ, ಬೇಕಿದ್ದರೆ ಮುಚ್ಚಿಡಬಹುದಿತ್ತು. ಆಕೆಯೇ ಕೂಗಿ ಕೇಳಿದಳು: "ಮೇಡಮ್ನೋರೆ, ತಾಗ್ನಿಲ್ಲ. ಅದೂ ಒಂದು ಲೆಕ್ಕಾನೇ ಅಲ್ವಾ?" ಹೌದೆಂದೆ. ಒಟ್ಟು ಆರು ಹೊಡೆತ.

ಕಾರ್ಡಿನಲ್ಲಿ ಐದು ಎಂದು ಬರೆದೆ. ಅದು ಕೈತಪ್ಪು — ಅಷ್ಟು ಮಾತ್ರ ನಿಜ. ಹದಿನೈದಕ್ಕೆ ಹೋಗುತ್ತಾ ಕಾರ್ಡು ನೋಡಿದೆ, ತಪ್ಪು ಕಂಡಿತು. ತಿದ್ದಲು ಪೆನ್ಸಿಲ್ ಎತ್ತಿದೆ. ನಿಂತೆ. ಹುಲ್ಲು ಕೀಳುವವಳ ಕೈಲಿ ಸೋತು ಬಂದೆಯಾ ಎಂದು ಮನೆಯಲ್ಲಿ ನಗುತ್ತಾರೆ ಎನಿಸಿತು. ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡೆ. ಅಲ್ಲಿಂದ ಮುಂದಿನ ನಾಲ್ಕು ಹೋಲ್‌ಗಳನ್ನು ಹೇಗೆ ಆಡಿದೆನೋ! ಆಕೆ ನೀರಿನ ಬಾಟಲಿ ಚಾಚಿ, "ಒಸಿ ಕುಡೀರಿ, ಬಿಸಿಲು ಜಾಸ್ತಿ ಐತೆ" ಎಂದಳು. ಕುಡಿದೆ.

ಮೇಜಿನ ಬಳಿ ಕಾರ್ಡನ್ನು ಆಕೆಯ ಮುಂದಿಟ್ಟೆ. ಆಕೆ ಓದುವುದು ನಿಧಾನ. ಹಿಂದೆ ಜನ ಕಾಯುತ್ತಿದ್ದರು. "ನೀವೇ ಬರ್ದಿದ್ದೀರಲ್ಲ, ಸರ್ಯಾಗೇ ಇರ್ತದೆ" ಎಂದು ಸಹಿ ಹಾಕಿಬಿಟ್ಟಳು. ಆಮೇಲೆ ನಾನು ಏನು ಮಾಡಬೇಕೆಂದಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹತ್ತು ನಿಮಿಷ ಬಿಟ್ಟು, ಆಗಷ್ಟೇ ನೆನಪಾದವಳಂತೆ ಎದ್ದು, ಕಾರ್ಡಿನಲ್ಲೇನೋ ತಪ್ಪಾಗಿದೆ ಎನ್ನಬೇಕೆಂದಿದ್ದೆ. ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೂ ಆಗಿತ್ತು.

ಅದರ ಅಗತ್ಯವೇ ಬೀಳಲಿಲ್ಲ. ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದುದನ್ನು ನೋಡುತ್ತಿದ್ದ ಕೆಂಪಮ್ಮ ತಾನೇ ಮುಂದೆ ಬಂದಳು. "ಹದ್ನಾಲ್ಕ್ರಲ್ಲಿ ನಂದು ಆರು ಕಣವ್ವ. ಐದು ಅಂತ ಬರೀತಾವ್ರೆ."

ನಸೀಮಾ ಅಕ್ಕ ನನ್ನತ್ತ ತಿರುಗಿದರು. "ವಿಮಲಾ, ಬರೆದವಳು ನೀನು. ಏನಾಯಿತು?"

ನಾನೇ ತಪ್ಪು ಬರೆದೆ ಎಂದಿದ್ದರೆ ಸಾಕಿತ್ತು. ನಿಯಮದ ಪ್ರಕಾರ ಆಗಲೂ ಆಕೆಗೆ ಕಪ್ ಸಿಗುತ್ತಿರಲಿಲ್ಲ, ಮಾನವಾದರೂ ಉಳಿಯುತ್ತಿತ್ತು. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು —

"ಐದು ಅಂತ ಅವಳೇ ಹೇಳಿದ್ದು ಅಕ್ಕ" ಎಂದೆ.

"ನಾನ್ ಯಾವಾಗ ಅಂದೆ ಮೇಡಮ್ನೋರೆ?" ಕೆಂಪಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮರೆತಿರಬೇಕೆಂದುಕೊಂಡು ನೆನಪಿಸುವಂತಿತ್ತು. "ಬಂಡೆ ತಾವ ಕೂಗಿ ಕೇಳ್ನಿಲ್ವಾ ನಾನು?"

ನಸೀಮಾ ಅಕ್ಕ ಇನ್ನೊಮ್ಮೆ ಕೇಳಿದರು. "ಯೋಚನೆ ಮಾಡಿ ಹೇಳು ವಿಮಲಾ. ಇದು ಸಣ್ಣ ಮಾತಲ್ಲ."

ಯೋಚನೆ ಮಾಡಿದೆ. ಮಾಡಿಯೇ ಹೇಳಿದೆ. "ಐದು ಅಂದಳು."

"ಸಿಕ್ಕಿಬೀಳ್ತೀನಿ ಅಂತ ಗೊತ್ತಾದ್ಮೇಲೆ ಬಾಯಿ ಬಿಟ್ಟವ್ಳೆ" ಎಂದು ಹಿಂದಿನಿಂದ ಯಾರೋ ಅಂದರು. ನಾನು ನೆಲ ನೋಡುತ್ತಿದ್ದೆ. ಹಲಗೆಯಲ್ಲಿ ಐದನ್ನು ಅಳಿಸಿ ಆರು ಬರೆದಿದ್ದರೂ ಆಕೆ ಒಂದು ಹೊಡೆತದಿಂದ ಗೆಲ್ಲುತ್ತಿದ್ದಳು. ಕಪ್ಪನ್ನು ನನ್ನ ಕೈಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ವಾರದ ಸಭೆಯಲ್ಲಿ, ಇನ್ನು ಮೇಲೆ ಸದಸ್ಯರಲ್ಲದವರು ಆಡುವುದು ಬೇಡ ಎಂಬ ಠರಾವಾಯಿತು. ನಸೀಮಾ ಅಕ್ಕ ಒಬ್ಬರೇ ವಿರೋಧಿಸಿದರು. ಬರೆದುಕೊಂಡವಳು ನಾನು. ಐವರು ಹೆಂಗಸರ ಬುಧವಾರ ಅಲ್ಲಿಗೆ ಮುಗಿಯಿತು. ಕೆಂಪಮ್ಮ ಮೈದಾನದ ಕೆಲಸವನ್ನೂ ಬಿಟ್ಟಳೆಂದು ತಿಳಿಯಿತು. ನಾನು ವಿಚಾರಿಸಲಿಲ್ಲ.

ಹೋದ ತಿಂಗಳು ಬೈರಾಪಟ್ಟಣಕ್ಕೆ ಹೋದೆ. ಕೆಂಪಮ್ಮ ಮನೆಯ ಹಿಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತಿದ್ದರು. ಕೂದಲು ಪೂರಾ ನೆರೆತಿತ್ತು. ಗುರುತು ಹಿಡಿದರು, ಕೂರಲು ಮಣೆ ತಂದಿಟ್ಟರು. ಆ ದಿನ ಮಾಡಿದ್ದನ್ನೆಲ್ಲ ಹೇಳಿದೆ — ಜೇಬಿಗೆ ಹಾಕಿಕೊಂಡ ಪೆನ್ಸಿಲ್, ಜೋಡಿಸಿಟ್ಟುಕೊಂಡಿದ್ದ ಮಾತು, ಎಲ್ಲ. ಅವರ ಕೈ ನಿಲ್ಲಲಿಲ್ಲ.

"ನಂಗ್ಯಾಕ್ ಹೇಳ್ತೀರಿ?" ಎಂದರು ಕೊನೆಗೆ. "ಆರು ಅಂತ ನಂಗ್ ಗೊತ್ತಿರೋದೇ ಅಲ್ವಾ?"

ಇನ್ನೊಂದು ಹಿಡಿ ಸೊಪ್ಪನ್ನು ಮುಂದಕ್ಕೆ ಎಳೆದುಕೊಂಡರು.

"ಅವತ್ತು ನನ್ ಮಗ್ಳೂ ಬಂದಿದ್ಲು. ಸವಿತಾ. ಅವ್ವ ಆಡೋದ್ ನೋಡ್ಬೇಕು ಅಂತ ಸ್ಕೂಲಿಗ್ ಚಕ್ಕರ್ ಹಾಕ್ಬುಟ್ಟು ಬಂದಿದ್ಲು. ವಾಪಸ್ ಬರೋವಾಗ ಬಸ್ಸಲ್ಲಿ ಕೇಳುದ್ಲು — ಅವ್ವ, ನೀನು ಸುಳ್ಳು ಹೇಳ್ದ್ಯಾ? ಅಂತ. ಇಲ್ಲ ಕಣವ್ವ ಅಂದೆ. ನಂಬುದ್ಲೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ. ಇನ್ನೊಂದ್ ಸಲ ಅವ್ಳು ಕೇಳ್ನಿಲ್ಲ, ನಾನೂ ಹೇಳ್ನಿಲ್ಲ." ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಅವ್ಳಿಗ್ ಹೇಳಿ. ಅವತ್ತು ಅಲ್ಲಿ ಕುಂತಿದ್ರಲ್ಲ, ಅವ್ರಿಗ್ ಹೇಳಿ."

ಸವಿತಾಳನ್ನು ದೊಡ್ಡಆಲಹಳ್ಳಿಗೆ ಕೊಟ್ಟಿದ್ದಾರೆ. ಮರುದಿನವೇ ಹೋದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕೇಳಿದಳು: "ನಮ್ಮವ್ವನ್ನ ನಾನು ನಂಬಿರ್ನಿಲ್ಲ ಮೇಡಂ. ಹದಿನೇಳು ವರ್ಷ. ಅದನ್ನ ಈಗ ನಾನು ಹೋಗಿ ಅವ್ಳಿಗೆ ಹೆಂಗ್ ಹೇಳ್ಲಿ?"

ನಾನು ಕದ್ದದ್ದು ಒಂದು ಕಪ್ ಎಂದು ಅಷ್ಟು ವರ್ಷ ತಿಳಿದಿದ್ದೆ.

ಭಾನುವಾರ ಸಂಘದ ಸರ್ವಸದಸ್ಯರ ಸಭೆ. ನಸೀಮಾ ಅಕ್ಕನಿಗೆ ಮೊದಲೇ ತಿಳಿಸಿದ್ದೇನೆ. "ಎರಡು ಸಲ ಕೇಳಿದ್ದೆ ನಿನ್ನನ್ನ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟರು. ಈ ಬರಹವನ್ನು ಸಭೆಯಲ್ಲಿ ನಾನೇ ನಿಂತು ಓದುತ್ತೇನೆ. ಚರಿತ್ರೆಯ ಪುಸ್ತಕದಲ್ಲಿ ಮೊದಲ ವಿಜೇತೆಯ ಜಾಗದಲ್ಲಿ ಬೈರಾಪಟ್ಟಣದ ಕೆಂಪಮ್ಮ ಎಂದು ಬರೆದಿದ್ದೇನೆ. ಆಮೇಲಿನದನ್ನು, ನನ್ನನ್ನು ಏನು ಮಾಡಬೇಕೆಂಬುದನ್ನು ಸಭೆ ತೀರ್ಮಾನಿಸಲಿ. ಕೆಂಪಮ್ಮ ಬರುವುದಿಲ್ಲ ಎಂದಿದ್ದಾರೆ. ಸವಿತಾ ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮೊದಲ ಸಾಲಿನಲ್ಲಿ ಅವಳಿಗೊಂದು ಕುರ್ಚಿ ಬಿಡಲು ಹೇಳಿದ್ದೇನೆ. ಅದು ಖಾಲಿಯಿದ್ದರೂ, ಓದುವಾಗ ನಾನು ಅದನ್ನೇ ನೋಡಬೇಕು. ನೆಲವನ್ನಲ್ಲ.