ದೋಣಿಮನೆಗೊಂದು ಸಂಡಾಸು

ಅಮೆರಿಕಾಕ್ಕೆ ಬಂದು ನಾನು ಕಲಿತ ಮೊದಲ ವಿದ್ಯೆಯನ್ನು ಊರಿನವರಿಗೆ ಹೇಳಲು ಬಹಳ ದಿನ ನಾಚಿಕೊಂಡಿದ್ದೆ. ಕಾರು ಓಡಿಸುವುದಲ್ಲ, ಇಂಗ್ಲಿಷನ್ನು ಮೂಗಿನಲ್ಲಿ ಆಡುವುದೂ ಅಲ್ಲ. ನಮ್ಮ ಸಂಡಾಸಿನ ಕೆಳಗಿನ ಅರ್ಧವನ್ನು ಕಳಚಿ, ಸೂಟ್‌ಕೇಸಿನ ಹಾಗೆ ಕೈಯಲ್ಲಿ ಹಿಡಿದು, ಬೆಳಗಿನ ಹೊತ್ತು ಉದ್ದನೆಯ ಮರದ ಕಟ್ಟೆಯ ಮೇಲೆ ನಡೆಯುತ್ತ, ಎದುರು ಬಂದವರಿಗೆ ಗುಡ್ ಮಾರ್ನಿಂಗ್ ಎಂದು ನಗುವುದು. ಎದುರು ಬಂದವರ ಕೈಯಲ್ಲೂ ಎಷ್ಟೋ ಸಲ ಅಂಥದೇ ಒಂದು ಪೆಟ್ಟಿಗೆ ಇರುತ್ತದೆ. ಅವರೂ ನಗುತ್ತಾರೆ. ಇವತ್ತು ಮಂಜು ಬೇಗ ಕರಗಿತು ಎನ್ನುತ್ತಾರೆ.

ನಾವಿರುವುದು ದೋಣಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿ ಓಕ್‌ಲ್ಯಾಂಡ್ ಎಂಬ ಊರಿಗೂ ಅಲಮೀಡಾ ಎಂಬ ದ್ವೀಪಕ್ಕೂ ನಡುವೆ ಒಂದು ಉಪ್ಪುನೀರಿನ ಕಾಲುವೆ ಇದೆ. ಅದರ ಪಕ್ಕ, ದೋಣಿಗಳನ್ನು ನಿಲ್ಲಿಸುವ ಒಂದು ಹಳೆಯ ಅಂಗಳದಲ್ಲಿ, ನೀರಿನೊಳಕ್ಕೆ ಚಾಚಿದ ಒಂದೇ ಒಂದು ಮರದ ಕಟ್ಟೆ. ಇಲ್ಲಿಯವರು ಡಾಕ್ ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದಂತೆ ಅದಕ್ಕೆ ಸಾಲಾಗಿ ಕಟ್ಟಿದ ದೋಣಿಗಳಲ್ಲಿ ಕೊನೆಯದು ನಮ್ಮದು. ಗಂಡ ನಾಗೇಶ ಮೈಸೂರಿನವನು. ಸರಕಿನ ಹಡಗುಗಳಲ್ಲಿ ಎಂಜಿನಿಯರಾಗಿ ಸುತ್ತಿ, ಕೊನೆಗೆ ಇಲ್ಲಿಯ ಹಡಗು ದುರಸ್ತಿ ಕಾರ್ಖಾನೆಯಲ್ಲಿ ನೆಲೆ ನಿಂತವನು. ನಾನು ಗದಗಿನವಳು, ಇಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬೇಸಿಗೆಯಲ್ಲಿ ನಲ್ಲಿ ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುವ ಊರಿನವಳು ನೀರಿನ ಮೇಲೆ ಸಂಸಾರ ಹೂಡಿದ್ದು ನನ್ನ ಗೆಳತಿಯರಿಗೆ ಇಂದಿಗೂ ತಮಾಷೆ.

ನಮ್ಮ ಕಡೆಯ ಜನ ಇಲ್ಲಿ ನೆಲ ನಂಬಿದವರು. ನನ್ನ ದೊಡ್ಡವ್ವನ ಮಗ ಪ್ರಕಾಶ ಲಿವರ್‌ಮೋರಿನಲ್ಲಿ ಎಂಜಿನಿಯರು. ಅದರ ಪಕ್ಕದ ಡಬ್ಲಿನ್ ಎಂಬ ಊರಿನಲ್ಲಿ ಅವನದು ಮೂರು ಬಾತ್‌ರೂಮಿನ ಮನೆ. ಬಂದ ಹೊಸದರಲ್ಲಿ ಅಲ್ಲೇ ಇದ್ದೆವು. ಕಾರಿಲ್ಲದೆ ಒಂದು ಮೊಸರಿನ ಡಬ್ಬಿ ತರಲೂ ಆಗದ ಆ ಊರಿನಲ್ಲಿ ಗುಂಡಿ ಒತ್ತಿದರೆ ಎಲ್ಲ ಭರ್ ಎಂದು ಹೋಗಿಬಿಡುತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ, ಪ್ರಕಾಶನಿಗೂ ಗೊತ್ತಿರಲಿಲ್ಲ. ನಾಗೇಶನ ಕಾರ್ಖಾನೆಗೆ ಹತ್ತಿರವೆಂದು ಈ ಹಳೆಯ ದೋಣಿ ಕೊಂಡು ಸಂಸಾರ ಹೂಡಿದ ಮೇಲೆ ನಮಗೆ ಮೊದಲು ಎದುರಾದ ಪ್ರಶ್ನೆಯೇ ಅದು.

ದೋಣಿಯಲ್ಲಿ ಮೊದಲೇ ಇದ್ದ ಸಂಡಾಸು ಎಲ್ಲವನ್ನೂ ನೇರ ಕಾಲುವೆಗೆ ಬಿಡುತ್ತಿತ್ತು. ಅಂಗಳದ ಮಾಲೀಕ ಅದನ್ನು ಕಿತ್ತು ಹಾಕಿದರೆ ಮಾತ್ರ ಇರಲು ಬಿಡುತ್ತೇನೆ ಎಂದ. ಅವನು ಹೇಳದಿದ್ದರೂ ನಾನು ಕೀಳಿಸುತ್ತಿದ್ದೆ. ಕಿಟಕಿಯಿಂದ ಕೈ ಚಾಚಿದರೆ ಸಿಗುವ ನೀರು ಅದು. ಎರಡನೆಯ ದಾರಿ ಹೋಲ್ಡಿಂಗ್ ಟ್ಯಾಂಕು, ಅಂದರೆ ದೋಣಿಯ ಹೊಟ್ಟೆಯಲ್ಲೊಂದು ತೊಟ್ಟಿ. ತುಂಬಿದಾಗ ದೋಣಿಯನ್ನೇ ಓಡಿಸಿಕೊಂಡು ಹೋಗಿ, ಬೇರೊಂದು ಬಂದರಿನಲ್ಲಿ ಪಂಪಿನಿಂದ ಹೀರಿಸಿಕೊಂಡು ಬರಬೇಕು. ನಮ್ಮ ಎಂಜಿನ್ನು ಕೊಂಡ ದಿನದಿಂದ ಕೆಮ್ಮುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ. ಊರ ಹಡಗುಗಳನ್ನೆಲ್ಲ ರಿಪೇರಿ ಮಾಡುವವನ ಮನೆಯಲ್ಲಿ ಹಾಗಿರುವುದು ಸಹಜವೇ.

ಮೂರನೆಯದನ್ನು ತೋರಿಸಿದವಳು ಪಕ್ಕದ ದೋಣಿಯ ಮಾರ್ಜ್. ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಒಂಟಿ ಹೆಂಗಸು, ದನಿ ಮಾತ್ರ ಇನ್ನೂ ಬಸ್ಸಿನ ಹಿಂದಿನ ಸೀಟಿಗೆ ಕೇಳುವಂಥದು. ಅವಳದು ಗೊಬ್ಬರದ ಸಂಡಾಸು. ಹೋಗಿಬಂದ ಮೇಲೆ ಒಂದು ಹಿಡಿ ಮರದ ಹೊಟ್ಟು ಉದುರಿಸಿದರೆ ಮುಗಿಯಿತು, ತಿಂಗಳುಗಟ್ಟಲೆ ಕಳೆದರೆ ಮಣ್ಣು. ವಾಸನೆಯೇ ಇಲ್ಲ. ನನಗೆ ಬಹಳ ಹಿಡಿಸಿತು. ಎಲ್ಲ ಕೇಳಿಕೊಂಡು ಕೊನೆಗೆ, ತೊಳೆದುಕೊಳ್ಳುವ ನೀರು ಎಲ್ಲಿ ಹೋಗುತ್ತದೆ ಎಂದೆ.

"ಯಾವ ನೀರು?" ಎಂದಳು ಮಾರ್ಜ್.

ಅಲ್ಲಿಗೆ ಗೊಬ್ಬರದ ಮಾತು ಮುಗಿಯಿತು. ಒಂದು ಚರಿಗೆ ನೀರು ಬಿದ್ದರೆ ಆ ಇಡೀ ಯಂತ್ರ ಕೆಟ್ಟು ಕೆಸರಾಗುತ್ತದಂತೆ. ಗದಗಿನಲ್ಲಿ ಸಂಡಾಸಿಗೆ ಹೋಗುವುದಕ್ಕೇ ಚರಿಗೆ ತೆಗೆದುಕೊಂಡು ಹೋಗುವುದು ಎನ್ನುತ್ತೇವೆ. ಚರಿಗೆ ಬಿಡು ಎಂದರೆ ನಾನು ಅಮೆರಿಕವನ್ನೇ ಬಿಟ್ಟೇನು.

ಹೀಗೆ ಸುತ್ತಿ ಬಳಸಿ ಪೆಟ್ಟಿಗೆಯ ಸಂಡಾಸಿಗೆ ಬಂದೆವು. ಮೇಲೆ ಕೂರುವ ಭಾಗ, ಕೆಳಗೆ ಕಳಚಿ ಒಯ್ಯುವ ಪೆಟ್ಟಿಗೆ. ದಡದಲ್ಲಿ ಶೌಚಾಲಯವಿಲ್ಲ, ಪೆಟ್ಟಿಗೆ ಖಾಲಿ ಮಾಡಲು ಮುಚ್ಚಳವಿರುವ ಒಂದು ಸಿಮೆಂಟಿನ ಕುಣಿ, ಪಕ್ಕದಲ್ಲಿ ನಲ್ಲಿ. ಮೊದಲ ವಾರ ಪೆಟ್ಟಿಗೆ ದಿನವೂ ತುಂಬಿತು. ಕಾರಣ ಕಾವೇರಿ ತೀರದ ನನ್ನ ಗಂಡ. ಅವನು ಒಂದು ಸಲಕ್ಕೆ ಬಳಸುವ ನೀರಿನಲ್ಲಿ ನಮ್ಮ ಗದಗಿನ ಒಂದು ಮನೆ ಮುಂಜಾನೆ ಮುಗಿಸುತ್ತದೆ.

"ಇದು ಸಂಡಾಸೋ, ನಿಮ್ಮ ಕನ್ನಂಬಾಡಿ ಕಟ್ಟೆಯೋ?" ಎಂದೆ.

"ನೀರಿಗೂ ಲೆಕ್ಕಾನಾ ಮಾರಾಯ್ತಿ?" ಎಂದ.

ಹಿತ್ತಾಳೆಯ ನನ್ನ ಸಣ್ಣ ಚರಿಗೆಯನ್ನು ಅವನ ಕೈಗೆ ಕೊಟ್ಟು, ಸಣ್ಣ ಧಾರೆಯಲ್ಲಿ ಹೇಗೆ ಕೆಲಸ ಮುಗಿಸಬೇಕೆಂದು ಪಾಠ ಹೇಳಿದೆ. ಪೆಟ್ಟಿಗೆ ಮೂರು ದಿನ ಬಾಳತೊಡಗಿತು. ಅಮೆರಿಕದಲ್ಲಿ ನನ್ನ ಮೊದಲ ಗೆಲುವು ಅದು.

ಹೊರುವುದಕ್ಕೆ ನನಗೆ ಮೊದಮೊದಲು ಕೈ ಬರಲಿಲ್ಲ. ಲ್ಯಾಬಿನಲ್ಲಿ ಊರವರದನ್ನೆಲ್ಲ ಸೀಸೆಗಳಲ್ಲಿ ನೋಡುವವಳಿಗೆ ಹೇಸಿಗೆಯೇನಲ್ಲ. ಪೆಟ್ಟಿಗೆಯ ಹಿಡಿಕೆ ಹಿಡಿದರೆ ಗದಗಿನ ನಮ್ಮ ಹಿತ್ತಲು ನೆನಪಾಗುತ್ತಿತ್ತು. ಅಲ್ಲಿ ಸಂಡಾಸಿನ ಹಿಂದೆ, ಸಂದಿಯಂಥ ಓಣಿಗೆ ತೆರೆಯುವ ಒಂದು ಗಿಡ್ಡ ಬಾಗಿಲು. ಆ ಓಣಿಯಿಂದ ದುರಗವ್ವ ಬಕೆಟ್ಟು ಹಿಡಿದು, ನಮ್ಮದನ್ನು ಬಾಚಿ ಹೊತ್ತೊಯ್ಯಲು ಬರುತ್ತಿದ್ದಳು. ಊರಲ್ಲಿ ಕೈಗಾಡಿಗಳು ಬಂದಿದ್ದವು, ಆದರೆ ನಮ್ಮ ಓಣಿಗೆ ಗಾಡಿ ಹಿಡಿಸುವಷ್ಟು ಅಗಲವಿರಲಿಲ್ಲ. ಅವಳು ಬರುವ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಹಬ್ಬದ ದಿನ ಅವ್ವ ಮೆಟ್ಟಿಲ ಮೇಲೆ ನಿಂತು ಹೋಳಿಗೆಯನ್ನು ಮೇಲಿನಿಂದಲೇ ಅವಳ ಸೆರಗಿಗೆ ಹಾಕುತ್ತಿದ್ದಳು. ನಾನು ಊರು ಬಿಡುವಾಗಲೂ ದುರಗವ್ವ ಬರುತ್ತಲೇ ಇದ್ದಳು. ಇಲ್ಲಿ ನನ್ನ ಹಿತ್ತಲಿಗೆ ಬರುವವರು ಯಾರೂ ಇಲ್ಲ. ಕಾಲುವೆಯ ಕೊಕ್ಕರೆಗಳ ನಡುವೆ ನನ್ನದನ್ನು ನಾನೇ ಹೊತ್ತೆ. ಆಮೇಲೆ ರೂಢಿಯಾಯಿತು.

ಬಸಿರಾದೆ. ಪ್ರಕಾಶ ಫೋನು ಮಾಡಿ, ಬಾಣಂತನಕ್ಕೆ ಡಬ್ಲಿನ್ನಿಗೇ ಬಂದುಬಿಡು ಎಂದ. ಒಳ್ಳೆಯ ಮನಸ್ಸಿನಿಂದಲೇ ಕರೆದ. ಆದರೆ ನನಗೆ ನನ್ನ ಮಗು ನನ್ನ ಮನೆಗೇ ಬರಬೇಕಿತ್ತು, ಅವ್ವನ ಕೈಯಲ್ಲಿ ಇಲ್ಲೇ ಎರೆಸಿಕೊಳ್ಳಬೇಕಿತ್ತು. ತವರಿಗೆ ಹೋಗಲಾರದವಳಿಗೆ ಅವ್ವ ಇದ್ದ ಕಡೆಯೇ ತವರು ಎಂದು ಪಟ್ಟು ಹಿಡಿದೆ. ಅಂಗಡಿ ಬಿಟ್ಟು ಬರಲಾಗದ ಅಪ್ಪ ಅವ್ವನೊಬ್ಬಳನ್ನೇ ವಿಮಾನ ಹತ್ತಿಸಿದ. ಆಗ ನನಗೆ ಎಂಟು ತಿಂಗಳು. ಪೆಟ್ಟಿಗೆ ಹೊರುವ ಕೆಲಸ ಪೂರ್ತಿ ನಾಗೇಶನದಾಗಿತ್ತು.

ಅವ್ವ ದೋಣಿಗೆ ಹೆದರಲಿಲ್ಲ. ಅಲುಗಾಡಿದರೆ "ತೊಟ್ಟಿಲದಾಗ ಕುಂತಾಂಗ ಐತಿ" ಎಂದಳು. ಆದರೆ ಚಹಾ ಬಿಟ್ಟಳು. ನೀರು ಕೊಟ್ಟರೆ ಗುಟುಕರಿಸಿ ಇಟ್ಟುಬಿಡುತ್ತಿದ್ದಳು. ಮತ್ತು ವಿಚಿತ್ರವೆಂದರೆ, ಊರಲ್ಲಿ ದಿನಪತ್ರಿಕೆಯನ್ನೂ ಮುಟ್ಟದವಳಿಗೆ ಓದುವ ಹುಚ್ಚು ಹಿಡಿಯಿತು. ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿದೆ. ಬಂದ ಮರುದಿನ ಅದನ್ನು ತೋರಿಸಿದ್ದೇ ತಡ, ದಿನವೂ ಬೆಳಿಗ್ಗೆ ಅದು ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಹಾಜರು. ಸಂಜೆ ಮುಚ್ಚುವ ಮೊದಲು ಇನ್ನೊಂದು ಸಲ. ಚಿತ್ರದ ಪುಸ್ತಕ ನೋಡುತ್ತಾಳೆಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಈ ವಯಸ್ಸಿನಲ್ಲಿ ಇಂಗ್ಲಿಷು ಕಲಿಯುತ್ತಿದ್ದಾಳೆ ಎಂದು ಮಾರ್ಜಳ ಮುಂದೆ ಜಂಬವನ್ನೂ ಕೊಚ್ಚಿದೆ.

ಒಂದು ದಿನ ಯಾವುದೋ ಸರ್ಕಾರಿ ರಜೆ. ಹೋದಷ್ಟೇ ಬೇಗ ಅವ್ವ ತಿರುಗಿ ಬಂದಳು. ಮುಖವೆಲ್ಲ ಬೆವರು.

"ಲೈಬ್ರರಿ ಮುಚ್ಚೇತಿ" ಎಂದಳು, ಯಾರೋ ಸತ್ತರೆಂಬ ಹಾಗೆ.

"ಇರ್ಲಿ ಬಿಡವ್ವಾ, ನಾಳೆ ಓದಿದ್ರಾತು."

"ಓದೂದು ಯಾವಾಕಿಗೆ ಬೇಕಾಗೇತಿ!" ಎಂದು ಒದರಿ, ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಳು.

ಆಗ ಹೊಳೆಯಿತು ನನಗೆ. ಎಬ್ಬಿಸಿ, ಚರಿಗೆ ಕೈಗೆ ಕೊಟ್ಟು ಒಳಗೆ ತಳ್ಳಿದೆ. ಹೊರಗೆ ಬಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಅಳಿಯನ ಕೈಲೆ ಅತ್ತಿ ಹೊಲಸ ಹೊರಸೂದಂದ್ರ ಏನು? ಊರಾಗ ಗೊತ್ತಾದ್ರ ಹೆಂಗ ಮಾರಿ ತೋರಿಸ್ಲಿ? ನಾ ಇಲ್ಲಿ ಇರಾಂಗಿಲ್ಲ ಗಿರಿಜಾ. ನಡಿ, ಪ್ರಕಾಶನ ಮನಿಗೆ ಹೋಗೂಣು. ಬಾಣಂತನ ಅಲ್ಲೇ ಮಾಡ್ತೇನಿ."

ಒಳಗಿದ್ದ ನಾಗೇಶ ಸಮಾಧಾನ ಮಾಡಲು ಬಂದ. "ಅತ್ತೆ, ಹಡಗಲ್ಲಿ ಊರೆಲ್ಲರದ್ದೂ ಕ್ಲೀನ್ ಮಾಡಿದೀನಿ ನಾನು. ನಿಮ್ಮದೊಂದು ಭಾರಾನಾ?"

ಅವ್ವ ಇನ್ನೂ ಜೋರಾಗಿ ಅತ್ತಳು. ನಾಗೇಶ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಒದ್ದಾಡಿ ಕಟ್ಟಿಕೊಂಡ ಮನೆಯಿಂದ, ಮಗು ಬರುವ ಹೊತ್ತಿಗೆ ಸರಿಯಾಗಿ, ಒಂದು ಪೆಟ್ಟಿಗೆಯ ಸಲುವಾಗಿ ಹೊರಡಬೇಕೇ? ಆ ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಊರಾಗ ದುರಗವ್ವ ಹೊರೂವಾಗ ನಿನಗ ಮಾರಿ ತೋರ್ಸಾಕ ಏನೂ ಆಗ್ತಿದ್ದಿಲ್ಲಲ್ಲ?"

"ಅದು ಬ್ಯಾರೆ."

"ಹೆಂಗ ಬ್ಯಾರೆ ಅವ್ವಾ?"

ಅವ್ವ ಎದ್ದು ಒಳಗೆ ಹೋದಳು. ತನ್ನ ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕುವುದನ್ನು ನೋಡಿದೆ. ಪ್ರಕಾಶನಿಗೆ ಮಾರನೆಯ ದಿನ ಕಾರು ತರಲು ಹೇಳಬೇಕೆಂದು ನಾನೂ ಸೋತು ಮಲಗಿದೆ.

ಬೆಳಿಗ್ಗೆ ಎಚ್ಚರವಾದದ್ದು ಕಟ್ಟೆಯ ಮೇಲಿನ ಗದ್ದಲಕ್ಕೆ. ಹೊರಗೆ ಬಂದು ನೋಡಿದರೆ, ಅವ್ವ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆಯ ಹಿಡಿಕೆ ಹಿಡಿದಿದ್ದಾಳೆ. ಇನ್ನೊಂದು ಕಡೆಯಿಂದ ನಾಗೇಶ, ಬಾಯ್ತುಂಬ ಹಲ್ಲುಪುಡಿಯ ನೊರೆ, ಅದನ್ನೇ ಎಳೆಯುತ್ತಿದ್ದಾನೆ.

"ಬಿಡ್ರಿ ಅಂದ್ರ ಬಿಡ್ರಿ! ನಂದು ನಾ ಹೊರ್ತೇನಿ. ನಿಮ್ದೂ ಹೊರ್ತೇನಿ. ಈ ಮನ್ಯಾಗ ನಾ ಇರೂದಾದ್ರ ಹಿಂಗ."

"ಅತ್ತೆ, ನಿಮ್ಮ ಕೈಲಿ ಇದನ್ನ ಹೊರಿಸಿದ್ರೆ ನಮ್ಮಮ್ಮ ನನ್ನನ್ನ ಮನೆಗೆ ಸೇರಿಸಲ್ಲ!"

ಪೆಟ್ಟಿಗೆ ಇಬ್ಬರ ನಡುವೆ ಗಡಗಡ ಅಲ್ಲಾಡುತ್ತಿತ್ತು. ಮುಚ್ಚಳ ಕಳಚಿದರೆ ಗತಿಯೇನೆಂದು ನನಗೆ ಜೀವ ಬಾಯಿಗೆ ಬಂತು. ಕಾಫಿ ಕುಡಿಯುತ್ತ ಈ ಭಾರತೀಯ ಆಚರಣೆಯನ್ನು ನೋಡುತ್ತಿದ್ದ ಮಾರ್ಜ್, ತಾನು ತರಕಾರಿ ತರುವ ಎರಡು ಚಕ್ರದ ಕೈಗಾಡಿಯನ್ನು ತನ್ನ ದೋಣಿಯಿಂದ ತಂದು ಇಬ್ಬರ ನಡುವೆ ನಿಲ್ಲಿಸಿದಳು. ಬಸ್ಸಿನ ದನಿಯಲ್ಲಿ, "ಕೆಳಗಿಡಿ!" ಎಂದಳು. ಇಬ್ಬರೂ ಶಾಲೆಯ ಮಕ್ಕಳಂತೆ ಗಾಡಿಯಲ್ಲಿಟ್ಟರು.

ಅವ್ವ ಗಾಡಿಯ ಹಿಡಿಕೆ ಹಿಡಿದು ಒಂದೆರಡು ಹೆಜ್ಜೆ ಎಳೆದು ನೋಡಿದಳು. ಸಲೀಸಾಗಿ ಬಂತು. ನಿಂತಳು.

"ಇಲ್ಲಿ ಹಾದಿ ಅಗಲ ಐತಿ" ಎಂದಳು ನನ್ನ ಕಡೆ ತಿರುಗದೆ. "ಗಾಡಿ ಹೋಕ್ಕೇತಿ."

ಯಾರನ್ನು ನೆನೆದು ಹಾಗೆಂದಳೆಂದು ನನಗೆ ತಿಳಿಯಿತು. ಹೊಟ್ಟೆಯಲ್ಲಿ ಕೂಸು ಒದೆಯಿತು, ನನಗೆ ಅಳು ಬಂತು. ಅವ್ವ ಗಾಡಿ ಎಳೆದುಕೊಂಡು ಕಟ್ಟೆಯ ಉದ್ದಕ್ಕೂ ಹೋದಳು. ಎದುರು ಬಂದವನೊಬ್ಬ ಟೊಪ್ಪಿಗೆ ಎತ್ತಿ ಗುಡ್ ಮಾರ್ನಿಂಗ್ ಎಂದ. ಸ್ವಲ್ಪ ತಡೆದು ಅವಳೂ ಗುಡ್ ಮಾರ್ನಿಂಗ್ ಎಂದಳು. ಅವಳು ಆಡಿದ ಮೊದಲ ಇಂಗ್ಲಿಷು ಅದು. ತಿರುಗಿ ಬಂದವಳೇ ಕೈ ತೊಳೆದು, ದೊಡ್ಡ ಲೋಟದಲ್ಲಿ ಚಹಾ ಕೇಳಿದಳು.

ಮಗಳು ಹುಟ್ಟಿ ದೋಣಿಗೇ ಬಂದಳು. ಅವ್ವ ಕಾಲ ಮೇಲೆ ಹಾಕಿಕೊಂಡು ಎರೆದಳು, ಲೋಬಾನದ ಹೊಗೆ ಹಾಕಿದಳು. ಕಿಟಕಿಯಿಂದ ಹೊಗೆ ಬರುವುದನ್ನು ಕಂಡು ಮಾರ್ಜ್ ಬೆಂಕಿ ಆರಿಸಲು ಬಕೆಟ್ಟು ಹಿಡಿದು ಓಡಿ ಬಂದಳು. ಬಂದವಳಿಗೆ ಅಂಟಿನುಂಡೆ ಸಿಕ್ಕಿತು. ಪೆಟ್ಟಿಗೆಯ ವಿಷಯದಲ್ಲಿ ಮೊದಲು ಎದ್ದವರು ಒಯ್ಯಬೇಕು ಎಂದು ಒಪ್ಪಂದವಾಯಿತು. ಅವ್ವನಿಗಿಂತ ಮೊದಲು ಏಳುವುದು ನಾಗೇಶನಿಗೆ ಒಂದು ದಿನವೂ ಆಗಲಿಲ್ಲ. ಸಂಜೆ ಅವಳು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿರುತ್ತಿದ್ದಳು. ನೋವೇನವ್ವ ಎಂದರೆ, "ಎಳಿಯೂದಕ್ಕ ನೋವಿಲ್ಲ, ಎತ್ತಿ ಸುರುವೂದಕ್ಕ ಐತಿ" ಎನ್ನುತ್ತಿದ್ದಳು.

ಅವಳು ಊರಿಗೆ ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಪ್ಪನ ಅಂಗಡಿಯ ಫೋನಿಗೆ ಕರೆ ಮಾಡಿದೆ. ಅಲ್ಲಿ ರಾತ್ರಿ, ಅಂಗಡಿ ಮುಚ್ಚುವ ಹೊತ್ತು. ಅವ್ವ ಅಲ್ಲೇ ಇದ್ದಳು. ದೂರದ ಕರೆಯೆಂದು ಎಂದಿನಂತೆ ಕೂಗಿ ಮಾತಾಡಿದಳು. ಕೂಸಿನ ಹಲ್ಲು, ಮಾರ್ಜಳ ಮಂಡಿನೋವು ಎಲ್ಲ ಕೇಳಿ, ಆಮೇಲೆ ಹೇಳಿದಳು.

"ಹಿತ್ತಲದಾಗ ಗುಂಡಿ ತೋಡಿಸಿ ಹೊಸಾ ಸಂಡಾಸ ಕಟ್ಟಿಸೇವಿ. ಓಣಿ ಬಾಗಲಾ ಇಟ್ಟಂಗಿ ಇಟ್ಟು ಮುಚ್ಚಿಸಿಬಿಟ್ಟೆ. ನಿಮ್ಮಪ್ಪ ಗೊಣಗಿದ್ರು. ಹಂಗಾರ ನೀವು ಹೊರ್ರಿ ಅಂದೆ."

"ದುರಗವ್ವಗ ಏನ ಹೇಳಿದಿ?"

"ನಾನಽ ಅಕಿ ಮನೀತನಾ ಹೋಗಿದ್ದೆ. ಇನ್ನ ಬರಬ್ಯಾಡವಾ ಅಂತ ಹೇಳಿದೆ." ತಂತಿಯಲ್ಲಿ ಕರಕರ ಶಬ್ದ. "ಏನಂದ್ಲು ಗೊತ್ತೇನು? ಇಷ್ಟ ದಿನಾ ಬೇಕಾತೇನ್ರಿ ನಿಮಗ, ಅಂದ್ಲು."

"ನೀ ಏನಂದಿ?"

"ಏನ ಹೇಳ್ಲಿ? ಹೌದವಾ, ಬೇಕಾತು ಅಂದೆ."

ಫೋನು ಇಟ್ಟೆ. ನಾಗೇಶ ಕೂಸಿನೊಂದಿಗೆ ಇನ್ನೂ ಮಲಗಿದ್ದ. ಪೆಟ್ಟಿಗೆ ತುಂಬಿತ್ತು. ಗಾಡಿಯಲ್ಲಿಟ್ಟುಕೊಂಡು ಹೊರಟೆ. ನಾನು ಹುಟ್ಟಿದ ಮನೆಯ ಹಿತ್ತಲಲ್ಲಿ ಈಗ ನಾನು ನೋಡದ ಒಂದು ಗೋಡೆ ಇದೆ. ಅದು ಏಳಲು ಕಾರಣ ನನ್ನ ಮಗಳು ಬೆಳೆಯುತ್ತಿರುವ ಈ ಕಟ್ಟೆ, ಇದನ್ನು ನಮ್ಮಪ್ಪ ನೋಡಿಲ್ಲ. ಮಾರ್ಜ್ ಕಾಫಿ ಹಿಡಿದು ಗುಡ್ ಮಾರ್ನಿಂಗ್ ಎಂದಳು. ನಾನೂ ಎಂದೆ. ಆದರೆ ಆ ಬೆಳಿಗ್ಗೆ ಕುಣಿಯವರೆಗೂ ನಾನು ನಡೆದದ್ದು ಗದಗಿನ ಆ ಸಂದಿಯಲ್ಲೇ, ದುರಗವ್ವ ಬರುತ್ತಿದ್ದ ದಿಕ್ಕಿನಿಂದ.