ಶಾರದಮ್ಮ ಸಿಸ್ಟರ್ ಕಲಿಸಿದ ಅಳು

ವಾರ್ಡಿಗೆ ಕಾಲಿಡುವ ಮುಂಚೆ ಶಾರದಮ್ಮ ಸಿಸ್ಟರ್ ಬಾಗಿಲ ಹೊರಗೆ ನಿಂತು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ದೇವರನ್ನು ನೆನೆಯುತ್ತಿರಬೇಕು ಅಂದುಕೊಂಡು, ಹೊಸದರಲ್ಲಿ ನಾನೂ ಭಕ್ತಿಯಿಂದ ಅವರ ಹಿಂದೆ ನಿಂತು ಕಣ್ಣು ಮುಚ್ಚಿದೆ. ಬೆನ್ನಿಗೊಂದು ಗುದ್ದು ಬಿತ್ತು. "ನಿದ್ದೆ ಮಾಡಾಕೆ ಬಂದೀಯೇನೇ? ಕಿವಿ ಕೊಡು. ಹಸಿವಿನ ಅಳು ಯಾವ್ದು, ಸೂಜಿಗೆ ಹೆದರಿದ್ದು ಯಾವ್ದು, ಹೇಳು ನೋಡಾನ" ಅಂದರು. ನನ್ನ ಕಿವಿಗೆ ಎಲ್ಲವೂ ಒಂದೇ ಗದ್ದಲ.

ಅದು ಎಪ್ಪತ್ತರ ದಶಕದ ಕೊನೆ. ನರ್ಸ್ ತರಬೇತಿ ಮುಗಿಸಿ ಜಗಳೂರು ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಸೇರಿದ್ದೆ. ಎಂಟು ಮಂಚ, ಒಂದು ಜೀಪು, ಒಬ್ಬರೇ ಡಾಕ್ಟರು. ಅವರು ಉತ್ತರ ಭಾರತದವರು, ಕನ್ನಡ ಬಾರದು. ತಾಯಂದಿರು ಹೇಳುವುದು ಅವರಿಗೆ ತಿಳಿಯುತ್ತಿರಲಿಲ್ಲ, ಅವರು ಕೇಳುವುದು ತಾಯಂದಿರಿಗೆ ತಿಳಿಯುತ್ತಿರಲಿಲ್ಲ. ನಡುವೆ ಇದ್ದದ್ದು ಕೇಸ್ ಶೀಟಿನಲ್ಲಿ ನಾವು ಇಂಗ್ಲಿಷಿನಲ್ಲಿ ಗೀಚುವ ಒಂದೆರಡು ಸಾಲು ಮಾತ್ರ. ಮಗು 'ಕ್ರೈಯಿಂಗ್' ಅಂತಿದ್ದರೆ ಡಾಕ್ಟರು ಚಹಾ ಮುಗಿಸಿ ಬರುವರು. 'ವಿಂಪರಿಂಗ್' ಅಂತಿದ್ದರೆ ಲೋಟ ಅಲ್ಲೇ ಕುಕ್ಕಿ ಏಳುವರು.

ಹೊನ್ನಾಳಿಯಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟ ಸಿಸ್ಟರ್‌ಗೆ ಬೇರೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಳುವಿನ ಇಂಗ್ಲಿಷ್ ಮಾತ್ರ ನಾಲಿಗೆ ತುದಿಯಲ್ಲಿತ್ತು. ಹತ್ತಿ ಉಂಡೆ ಕಟ್ಟುತ್ತಾ ನನಗೆ ಪಾಠ ಹೇಳುತ್ತಿದ್ದರು. "ಕ್ರೈ ಅಂದ್ರೆ ಗಂಟ್ಲು ಗಟ್ಟಿ ಐತೆ ಅಂತ, ಹೆದ್ರಬ್ಯಾಡ. ಸಾಬ್ ಅಂದ್ರೆ ಅತ್ತು ಅತ್ತು ಬಿಕ್ಕಾದು. ವೀಪ್ ಅಂದ್ರೆ ಸದ್ದಿಲ್ದೆ ಕಣ್ಣೀರು ಹಾಕಾದು, ಅದು ಕೂಸುಗಳ್ದಲ್ಲ, ಅವ್ರ ಅವ್ವಂದಿರ್ದು. ವಿಂಪರ್ ಅಂದ್ರೆ ನಾಯಿಮರಿ ಹಂಗೆ ಕುಂಯ್ ಕುಂಯ್ ಅನ್ನಾದು. ಅದು ಕೇಳಿದ್ರೆ ಓಡಿ ಬಾ."

ನಾನು ಡಿಕ್ಷನರಿ ನೋಡಿ ಜಾಣೆಯಾಗಲು ಹೋದೆ. ಕುರು ಒಡೆಸಿಕೊಂಡು ಆಸ್ಪತ್ರೆ ಹಾರಿಹೋಗುವಂತೆ ಕಿರುಚುತ್ತಿದ್ದ ಒಬ್ಬ ಹುಡುಗಿಯ ಶೀಟಿನಲ್ಲಿ 'ವೇಲಿಂಗ್' ಎಂದು ಬರೆದುಬಿಟ್ಟೆ. ಡಾಕ್ಟರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು. "ವೇಲ್ ಅಂದ್ರೆ ಸತ್ತೋರ ಮನೇಲಿ ಎದೆ ಬಡ್ಕಳಾದು ಕಣೇ! ಒಂದು ಕುರುವಿಗೆ ಹೆಣ ಎತ್ತಿಸ್ತೀಯಲ್ಲ!" ಎಂದು ಸಿಸ್ಟರ್ ಎಲ್ಲರೆದುರು ಬೈದರು. ಔಷಧಿ ಕೋಣೆಗೆ ಹೋಗಿ ಅಳುತ್ತಾ ಕೂತೆ. ಸಿಸ್ಟರ್ ಬಾಗಿಲಲ್ಲಿ ತಲೆ ಹಾಕಿ, "ಇದಕ್ಕೆ ಸ್ನಿವೆಲ್ ಅಂತಾರೆ. ಮೂಗು ಒರೆಸ್ಕಂಡು ಬಾ, ಡ್ರೆಸ್ಸಿಂಗ್ ಐತೆ" ಅಂದು ಹೋದರು. ಅವತ್ತಿನಿಂದ ನಾನು ಎಂಥ ಅಳುವಿಗೂ 'ಕ್ರೈಯಿಂಗ್' ಅಂತಲೇ ಬರೆಯತೊಡಗಿದೆ. ಅವರ ಬೈಗುಳದ ಹೆದರಿಕೆ ಹಾಗಿತ್ತು.

ಆ ಬೇಸಿಗೆಯಲ್ಲಿ ಒಬ್ಬ ಅಜ್ಜಿ ಭೇದಿ ಹತ್ತಿದ ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. "ಎರಡು ದಿನದಿಂದ ಒಂದು ಹನಿ ನೀರು ಮುಟ್ಟಿಸಿಲ್ಲ ಕಣವ್ವ. ನೀರು ಕೊಟ್ರಲ್ವಾ ಕೆಳಗೆ ಹೋಗಾದು?" ಅಂದಳು. ಆ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ನೀರು ನಿಲ್ಲಿಸಿದರೆ ಭೇದಿ ನಿಲ್ಲುತ್ತದೆಂದು ಅವರ ನಂಬಿಕೆ. ಕೂಸು ಮುಖ ಕಿವುಚಿ ಬಾಯಿ ತೆರೆದಿತ್ತು, ಸಣ್ಣಗೆ ಸದ್ದು ಬರುತ್ತಿತ್ತು. ನಾನು 'ಕ್ರೈಯಿಂಗ್' ಎಂದು ಬರೆದೆ. ಡಾಕ್ಟರು ಅದನ್ನು ಓದಿ, ಒಂದು ಬಾಟಲಿ ಔಷಧಿ ಗೀಚಿ, ದೂರದ ಹಳ್ಳಿಗೆ ಲಸಿಕೆ ಹಾಕಲು ಜೀಪು ಹತ್ತಿ ಹೋದರು.

ಹೆರಿಗೆ ಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಸಿಸ್ಟರ್ ಆ ಸದ್ದು ಕೇಳಿದ್ದೇ ಕೂಸಿನ ಹತ್ತಿರ ಧಾವಿಸಿದರು. ಕಣ್ಣಿನ ಕೆಳಗೆ ಬೆರಳಾಡಿಸಿ ನನ್ನ ಮುಖದ ಮುಂದೆ ಹಿಡಿದರು. ಒಣಗಿತ್ತು. "ಕ್ರೈಯಿಂಗ್ ಅಂತ ಬರ್ದೀಯಲ್ಲ, ಕಣ್ಣೀರೆಲ್ಲೈತೆ?" ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಚಿವುಟಿದ್ದು ಹಾಗೇ ನಿಂತಿತು. "ಮೈಯಾಗೆ ನೀರೇ ಉಳ್ದಿಲ್ಲ" ಅಂದರು.

ಜೀಪಿಲ್ಲ. ದಾವಣಗೆರೆ ಬಸ್ಸು ಸಂಜೆಗೆ. ಗ್ಲೂಕೋಸ್ ಹಾಕಲು ಸೂಜಿಗೆ ಒಂದು ನರವೂ ಸಿಗಲಿಲ್ಲ. ಸಿಸ್ಟರ್ ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಕಲೆಸಿ ನನ್ನ ಕೈಗೆ ಚಮಚ ಕೊಟ್ಟರು. "ಸ್ವಲ್ಪ ಸ್ವಲ್ಪನೇ ಹಾಕು. ಕಕ್ಕಿದ್ರೆ ಮತ್ತೆ ಹಾಕು. ಕಣ್ಣೀರು ಬರಾ ತನಕ ಏಳಬ್ಯಾಡ."

"ನೀರು ಹಾಕಿ ಕೊಲ್ತೀಯೇನೇ?" ಎಂದು ಅಜ್ಜಿ ಚಮಚ ಕಿತ್ತುಕೊಳ್ಳಲು ಬಂದಳು. ಸಿಸ್ಟರ್ ಅವಳ ಎರಡೂ ಕೈ ಹಿಡಿದು ಕೂರಿಸಿದರು. ಸ್ವಲ್ಪ ಹೊತ್ತಿಗೆ ಕೂಸಿನ ಸದ್ದು ಪೂರ್ತಿ ನಿಂತಿತು. "ಸದ್ಯ, ಸುಮ್ಕಾತು" ಎಂದು ಅಜ್ಜಿ ನಿಟ್ಟುಸಿರು ಬಿಟ್ಟಳು. ಆ ಸಮಾಧಾನದ ಉಸಿರಿನಷ್ಟು ಭಯಂಕರವಾದದ್ದನ್ನು ನಾನು ಈವರೆಗೂ ಕೇಳಿಲ್ಲ. ಸಿಸ್ಟರ್ ಕೂಸಿನ ಕಿವಿ ಹಿಂಡಿದರು. ಕುಂಯ್ ಅಂದಿತು. "ಹಾಕು, ಹಾಕು, ನಿಲ್ಲಿಸಬ್ಯಾಡ" ಎಂದರು.

ಬಿಸಿಲು ಇಳಿಯುವ ಹೊತ್ತಿಗೆ ನನ್ನ ತೊಡೆ ಒದ್ದೆಯಾಯಿತು. ಕೂಸು ಉಚ್ಚೆ ಹೊಯ್ದಿತ್ತು. ಆಮೇಲೆ ಅರಚಿತು. ಕಣ್ಣಂಚಿನಲ್ಲಿ ನೀರು ನಿಂತು, ಕೆನ್ನೆಗಿಳಿಯಿತು. ಅಜ್ಜಿ ಎತ್ತಿಕೊಂಡು ತಟ್ಟಲು ಬಂದಳು. "ಅಳ್ಲಿ ಬಿಡ್ರಿ ಅಜ್ಜಿ. ಯಾರೂ ಸಮಾಧಾನ ಮಾಡಬ್ಯಾಡ್ರಿ" ಎಂದು ಸಿಸ್ಟರ್ ಗೋಡೆಗೊರಗಿ ಕೂತರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಎಂಬತ್ತರ ದಶಕದ ಶುರುವಿನಲ್ಲಿ ಅವರಿಗೆ ನ್ಯಾಮತಿಗೆ ವರ್ಗವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತಿದ್ದರು. ಅಳು ಕೇಳುವುದನ್ನು ನಿಮಗೆ ಯಾರು ಕಲಿಸಿದರು ಅಂತ ಕೇಳಿದೆ.

"ನಿನ್ನಷ್ಟೇ ವಯಸ್ಸು ನಂಗೆ. ಚನ್ನಗಿರಿ ಕಡೆ ಇದ್ದೆ. ಒಂದು ಕೂಸು ಬೆಳಗಿಂದ ಅಳ್ತಿತ್ತು, ಮಧ್ಯಾಹ್ನ ನಿಲ್ಲಿಸ್ತು. ನಾನು ಸ್ಲೀಪಿಂಗ್ ಅಂತ ಬರ್ದೆ. ಅವ್ರವ್ವ ನಂಗೆ ಕೈ ಮುಗುದ್ಲು. ನಿಮ್ಮ ಕೈಗುಣ ಚಲೋ ಐತೆ ನರ್ಸಮ್ಮ, ಮಲಗ್ತು ಅಂದ್ಲು. ಸಂಜಿ ತನಕ ಹಾಲು ಹಿಡ್ಕಂಡು ಕೂತಿದ್ಲು ಕಣೇ, ಏಳ್ಲಿ ಅಂತ."

ಬಸ್ಸು ಬಂತು. ಟ್ರಂಕು ಮೇಲೆ ಹಾಕಿಸಿ ಹತ್ತಿದರು, ನನ್ನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಅವರನ್ನು ನಾನು ಕಾಣಲಿಲ್ಲ.

ಮಾರನೇ ಬೆಳಿಗ್ಗೆ ವಾರ್ಡಿನಲ್ಲಿ ಮೂರು ಕೂಸುಗಳಿದ್ದವು. ಮೂರೂ ಸದ್ದಿಲ್ಲದೆ ಮಲಗಿದ್ದವು. ಈಗ ತಾನೇ ಮಲಗಿವೆ, ಮೆಲ್ಲಗೆ ಬನ್ನಿ ಎಂದು ತಾಯಂದಿರು ಸನ್ನೆ ಮಾಡಿದರು. ನಾನು ಮೊದಲನೆಯದನ್ನು ಎತ್ತಿ ಅಲುಗಾಡಿಸಿದೆ. ಅತ್ತಿತು. ಎರಡನೆಯದೂ ಅತ್ತಿತು. "ಏನು ಬಂದೈತ್ರೀ ನಿಮಗೆ?" ಎಂದು ತಾಯಂದಿರು ಬೈಯುತ್ತಿದ್ದರು. ಮೂರನೆಯದು ಸ್ವಲ್ಪ ತಡ ಮಾಡಿತು. ಮತ್ತೆ ಅಲುಗಾಡಿಸಿದೆ. ಕೊನೆಗೆ ಅದೂ ಬಾಯಿ ತೆರೆದು ಅತ್ತಿತು. ನಾನು ಅದನ್ನು ಅದರವ್ವನ ಮಡಿಲಿಗೆ ಹಾಕಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.